ಕೆಂಪು ಗೆರೆ ಇಲ್ಲದ ಚೀಟಿ

ಕಳೆದ ತಿಂಗಳು ಕಪಾಟು ಖಾಲಿ ಮಾಡುತ್ತಿದ್ದ ಹೆಂಡತಿ ಒಂದು ನೀಲಿ ಫೈಲನ್ನು ತಂದು ನನ್ನ ಮುಂದೆ ಕುಕ್ಕಿ, "ಇದನ್ನ ರದ್ದಿಗೆ ಹಾಕ್ಲೋ, ಇನ್ನೂ ಇಟ್ಟು ಪೂಜೆ ಮಾಡೋದದೆಯೋ?" ಎಂದು ಕೇಳಿದಳು. ಫೈಲಿನ ದಾರ ಬಿಚ್ಚಿದ ಕೂಡಲೇ ಮೂಗಿಗೆ ಬಂದದ್ದು ಸುರಂಗಿ ಹೂವಿನ ವಾಸನೆ. ಹೂವೇನೂ ಇರಲಿಲ್ಲ. ಕಂದಿ ಹೋದ ಎಸಳುಗಳ ಪುಡಿ, ಗೇಣುದ್ದದ ಬಾಳೆನಾರು, ಅಷ್ಟೇ. ಇಷ್ಟು ವರ್ಷದ ಮೇಲೂ ಆ ವಾಸನೆ ಕಾಗದಗಳ ನಡುವೆ ಹೇಗೆ ಉಳಿದಿತ್ತೋ...

ಕಾಗದಗಳು ಎಂದರೆ ಶೇರು ವಹಿವಾಟಿನ ಚೀಟಿಗಳು. ಶೇರು ಕೊಂಡರೂ ಸರಿ, ಮಾರಿದರೂ ಸರಿ, ಮರುದಿನ ಅಂಥದೊಂದು ಅಚ್ಚಾದ ಚೀಟಿ ಕೈಗೆ ಬರುತ್ತಿತ್ತು. ಅದರ ತಳದಲ್ಲಿ ದಲಾಲಿ, ತೆರಿಗೆ, ಸ್ಟಾಂಪು ಎಂದು ಹಿಡಿದುಕೊಂಡ ಮೊತ್ತ. ಆ ಮೊತ್ತದ ಕೆಳಗೆ ಕೆಂಪು ಪೆನ್ಸಿಲಿನಿಂದ ಎಳೆದ ಒಂದು ಗೆರೆ. ನೂರಕ್ಕೂ ಮಿಕ್ಕಿ ಇದ್ದ ಚೀಟಿಗಳಲ್ಲಿ ಎಲ್ಲದಕ್ಕೂ ಆ ಗೆರೆ ಇತ್ತು, ಕೊನೆಯದಕ್ಕೊಂದು ಬಿಟ್ಟು. ಅದಕ್ಕೆ ಯಾಕಿಲ್ಲ ಎಂಬುದು ನನಗೆ ಗೊತ್ತಿತ್ತು. ಹೆಂಡತಿಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.

ಆ ಗೆರೆಗಳನ್ನು ಎಳೆದವರನ್ನು ನಾವೆಲ್ಲ ಟರ್ಮಿನಲ್ ಅಕ್ಕ ಎಂದು ಕರೆಯುತ್ತಿದ್ದೆವು. ಫೋನಿನ ಮೇಲೆ ಬೆರಳು ಉಜ್ಜಿ ಶೇರು ಕೊಳ್ಳುವ ಕಾಲ ಆಗಿನ್ನೂ ಬಂದಿರಲಿಲ್ಲ. ಕಾರವಾರದ ಪೇಟೆಯಲ್ಲಿ ಒಂದು ಬೇಕರಿಯ ಮೇಲೆ ಶೇರು ದಲಾಲರ ಸಣ್ಣ ಆಫೀಸು. ಕಡಿದಾದ ಮೆಟ್ಟಿಲು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಟರ್ಮಿನಲ್ ಎಂದು ಕರೆಯುವ ಒಂದು ಕಂಪ್ಯೂಟರು. ಅದರ ಮುಂದೆ ಅಕ್ಕ. ನಲವತ್ತೈದು ದಾಟಿದ ಗಟ್ಟಿ ಹೆಂಗಸು, ಮನೆ ಕೋಡಿಬಾಗದಲ್ಲಿ. ಮನೆಯಲ್ಲಿ ಕೊಂಕಣಿ, ಆಫೀಸಿನಲ್ಲಿ ಕನ್ನಡ, ಅವರನ್ನು 'ಬಾಯಿ' ಎಂದು ಕರೆಯುತ್ತಿದ್ದ ಮಾಲಕರ ಜೊತೆ ಮರಾಠಿ. ಕಿವಿಯ ಹಿಂದೆ ಸದಾ ಒಂದು ಪೆನ್ಸಿಲು, ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ. ಸುರಂಗಿಯ ದಿನಗಳಲ್ಲಿ ಮುಡಿಯಲ್ಲೊಂದು ದಂಡೆ, ಕಂಪ್ಯೂಟರಿನ ಮೇಲೊಂದು ದಂಡೆ. ತಮ್ಮ ಅಂಗಳದ ಮರದ್ದೇ ಎನ್ನುತ್ತಿದ್ದರು.

ನಾನು ಆ ಮೆಟ್ಟಿಲು ಹತ್ತಿದ್ದು ಅಣ್ಣನ ದೋಣಿಗಾಗಿ. ನಮ್ಮ ಮನೆ ಅಂಕೋಲೆಯ ಕೇಣಿಯಲ್ಲಿ, ಕಡಲಿಗೆ ಇಪ್ಪತ್ತು ಮಾರು. ಆಯಿಯ, ಅಂದರೆ ತಾಯಿಯ, ತವರು ಅರ್ಗಾ. ಅಲ್ಲಿಯ ಜಮೀನು ನೌಕಾನೆಲೆಗೆ ಹೋಗಿ, ಪರಿಹಾರದ ಉಳಿದ ಹಣ ವರ್ಷಗಳ ನಂತರ ಬಂದಾಗ ಮಾವಂದಿರು ಆಯಿಯ ಪಾಲನ್ನು ತಾವೇ ತಂದುಕೊಟ್ಟರು. ಅಣ್ಣ ಆಗ ಬೈತಖೋಲಿನ ದಕ್ಕೆಯಲ್ಲಿ, ಅಂದರೆ ಮೀನು ಬಂದರಿನಲ್ಲಿ, ಬೇರೆಯವರ ದೋಣಿಗೆ ಹೋಗುತ್ತಿದ್ದ. ಹದಿನೈದು ವರ್ಷದಿಂದ ಆಳು. ಅವನಿಗೊಂದು ಸ್ವಂತ ದೋಣಿ ಆಗಬೇಕು ಎಂಬುದೊಂದೇ ಆಯಿಯ ಆಸೆ. ಕೈಯಲ್ಲಿದ್ದ ಹಣ ಅದಕ್ಕೆ ಸಾಲುತ್ತಿರಲಿಲ್ಲ. ದೋಣಿ ಕಟ್ಟುವವರು ಸ್ವಲ್ಪ ಮುಂಗಡ ಹಿಡಿದು, ಎರಡು ವರ್ಷ ಕಾಯಲು ಒಪ್ಪಿದರು. ಮಳೆಗಾಲದ ಬಿಡುವಿನ ನಂತರ ದೋಣಿ ಇಳಿಸುವ ನೂಲ ಹುಣ್ಣಿಮೆ ಎರಡನೆಯ ಸಲ ಬರುವ ಹೊತ್ತಿಗೆ ಪೂರ್ತಿ ಹಣ ಕೊಡದಿದ್ದರೆ ದೋಣಿ ಅದನ್ನು ಕೊಳ್ಳಲು ಕಾದಿದ್ದ ತದಡಿಯವರ ಪಾಲು. ಅವರು ಆಗಲೇ ಎರಡು ಸಲ ಬಂದು ನೋಡಿಕೊಂಡು ಹೋಗಿದ್ದರು.

ಮನೆಯಲ್ಲಿ ನಾನೊಬ್ಬ ಕಾರವಾರದ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು, ಅಂದರೆ ಲೆಕ್ಕ ತಿಳಿದವನು. ಹಾಗಂತ ಅವರು ತಿಳಿದಿದ್ದರು, ನಾನೂ ತಿಳಿದಿದ್ದೆ. ಅರ್ಧ ಹಣ ಬ್ಯಾಂಕಿನ ಎಫ್‌ಡಿ, ಅರ್ಧ ಶೇರು ಎಂದು ನಾನೇ ತೀರ್ಮಾನಿಸಿದೆ. ಬ್ಯಾಂಕಿನಲ್ಲೇ ಎಲ್ಲ ಇಟ್ಟರೆ ಎರಡು ವರ್ಷದಲ್ಲಿ ದೋಣಿಯ ಬೆಲೆ ಮುಟ್ಟುವುದಿಲ್ಲ. ಶೇರಿಗೇ ಎಲ್ಲ ಹಾಕಿದರೆ ಮುಳುಗುವ ಭಯ. ಸರಿ ಅರ್ಧ ಇಟ್ಟು, ಆ ಅರ್ಧ ಅರ್ಧವಾಗಿಯೇ ಇರುವಂತೆ ನೋಡಿಕೊಂಡರೆ ಸಾಕು ಎಂದು ಅಣ್ಣನಿಗೆ ಭಾಷಣ ಮಾಡಿದೆ. ಅವನು ಬಲೆ ಹೊಲಿಯುತ್ತ ಎಲ್ಲ ಕೇಳಿ, "ನಂಗೆ ಅದೆಲ್ಲ ತಿಳೂದಿಲ್ಲ ತಮಾ. ದೋಣಿ ಬರ್ತದಲಾ?" ಎಂದ. ಬರುತ್ತದೆ ಎಂದೆ.

ಇಲ್ಲಿ ನಮ್ಮ ಅಪ್ಪನ ವಿಷಯ ಹೇಳಬೇಕು. ಅಪ್ಪ ರಂಪಣಿಯವನು. ರಂಪಣಿ ಎಂದರೆ ದಡದಿಂದ ಬಿಟ್ಟು ದಡಕ್ಕೇ ಎಳೆಯುವ ದೊಡ್ಡ ಬಲೆ. ಅದರ ಎರಡು ತುದಿಯ ಹಗ್ಗಕ್ಕೆ ಊರೆಲ್ಲ ಕೈ ಹಾಕಬೇಕು. ಬಲೆ ಮೇಲೆ ಬಂದದ್ದೇ ಮರಳಿನ ಮೇಲೆ ಪಾಲು. ಬಲೆಗೆ ಇಷ್ಟು, ದೋಣಿಗೆ ಇಷ್ಟು, ಎಳೆದವರಿಗೆ ಇಷ್ಟು ಎಂದು ಅಪ್ಪ ರಾಶಿ ಹಾಕುತ್ತಿದ್ದ. ಒಂದು ರಾಶಿಗೆ ಒಂದು ಬಾಂಗಡೆ ಹೆಚ್ಚು ಬಿದ್ದರೂ ಎತ್ತಿ ಪಕ್ಕದ ರಾಶಿಗೆ ಹಾಕಬೇಕು. ದಾರಿಯಲ್ಲಿ ಹೋಗುವವರು ಹಗ್ಗ ಮುಟ್ಟಿ ನಾಲ್ಕು ಹೆಜ್ಜೆ ಎಳೆದಿದ್ದರೂ ಅವರ ಪಾಲನ್ನು ತೆಗೆದಿಟ್ಟ ಮೇಲೆಯೇ ಅಪ್ಪ ಮನೆಗೆ ಬರುತ್ತಿದ್ದದ್ದು. ನಾಳೆ ನೋಡಿಕೊಳ್ಳೋಣ ಎಂಬ ಮಾತು ಅವನ ಬಾಯಲ್ಲಿ ನಾನು ಕೇಳಿದವನಲ್ಲ.

ಅದೇ ರೂಢಿ ನನ್ನ ಕೈಗೂ ಹತ್ತಿತ್ತು. ಶೇರು ಸ್ವಲ್ಪ ಏರಿದರೆ, ಅಯ್ಯೋ, ಈ ರಾಶಿ ದೊಡ್ಡದಾಯಿತು ಎಂದು ಒಂದಿಷ್ಟು ಮಾರಿ ಬ್ಯಾಂಕಿಗೆ ಹಾಕುತ್ತಿದ್ದೆ. ಇಳಿದರೆ ಎಫ್‌ಡಿ ಮುರಿಸಿ ಶೇರು ಕೊಳ್ಳುತ್ತಿದ್ದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಆ ಮೆಟ್ಟಿಲು ಹತ್ತದ ದಿನ ನನಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಬ್ಯಾಂಕಿನ ಕ್ಯಾಶಿಯರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಸಂಜೆಯ ಬಸ್ಸಿನಲ್ಲಿ ಮಾತ್ರ, ಇವತ್ತಿನ ಪಾಲು ಇವತ್ತೇ ಸರಿಯಾಯಿತು ಎಂದು ಬಹಳ ನೆಮ್ಮದಿ.

ಅಕ್ಕ ಮೊದಮೊದಲು ಏನೂ ಹೇಳಲಿಲ್ಲ. ನಾನು ಹೇಳಿದ್ದನ್ನು ಒತ್ತುತ್ತಿದ್ದರು, ಮರುದಿನ ಚೀಟಿ ಕೊಡುತ್ತಿದ್ದರು. ಕೊಡುವ ಮುಂಚೆ ಕಿವಿಯ ಹಿಂದಿನ ಪೆನ್ಸಿಲು ತೆಗೆದು ತಳದ ಮೊತ್ತಕ್ಕೆ ಕೆಂಪು ಗೆರೆ ಎಳೆಯುತ್ತಿದ್ದರು. ಅದು ಆಫೀಸಿನ ಪದ್ಧತಿ ಇರಬೇಕೆಂದು ನಾನು ತಿಳಿದೆ. ಹತ್ತು ತಿಂಗಳು ಹಾಗೇ ತಿಳಿದೆ.

ಮಳೆ ಹಿಡಿದಿದ್ದ ಒಂದು ಮಧ್ಯಾಹ್ನ ಆಫೀಸಿನಲ್ಲಿ ಬೇರಾರೂ ಇರಲಿಲ್ಲ. ನಾನು ಕೊಡೆ ಮಡಚುವಷ್ಟರಲ್ಲಿ ಅಕ್ಕ ಕೇಳಿದರು.

"ಎಂತಕ್ಕೆ ಬಂದೆ ತಮಾ? ಮೊನ್ನೆ ಕೊಂಡದ್ದಲ್ವಾ?"

"ಇವತ್ತು ಏರಿದೆ ಅಕ್ಕಾ. ಶೇರಿನ ಪಾಲು ನೂರಕ್ಕೆ ಐವತ್ತೆರಡು ಆಯ್ತು. ಸಮ ಮಾಡ್ಬೇಕು."

"ಕೂತ್ಕೊ ರೇ ಸ್ವಲ್ಪ. ಆ ನೀಲಿ ಫೈಲು ತೆಗಿ."

ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ ಕೊಟ್ಟು, ಕೆಂಪು ಗೆರೆ ಎಳೆದದ್ದನ್ನೆಲ್ಲ ಕೂಡಿಸು ಎಂದರು. ಕೂಡಿಸಿದೆ. ಎಫ್‌ಡಿ ಮುರಿಸಿದಾಗಲೆಲ್ಲ ಬ್ಯಾಂಕು ಬಡ್ಡಿಯಲ್ಲಿ ಹಿಡಿದುಕೊಂಡದ್ದನ್ನೂ ಅದರ ಕೆಳಗೆ ಬರೆ ಎಂದರು. ಬರೆದೆ. ಎರಡನ್ನೂ ಸೇರಿಸಿ, ತಪ್ಪಿದೆನೇನೋ ಎಂದು ಮತ್ತೊಮ್ಮೆ ಕೂಡಿಸಿದೆ. ಆ ಹತ್ತು ತಿಂಗಳಲ್ಲಿ ಶೇರು ಏರಿತ್ತು. ಸುಮ್ಮನಿದ್ದಿದ್ದರೆ ದೋಣಿಯ ಬೆಲೆಯ ಕಡೆಗೆ ಒಳ್ಳೆಯ ದಾರಿ ಸಾಗಿರುತ್ತಿತ್ತು. ನನ್ನ ಕೈಯಲ್ಲಿದ್ದದ್ದು ಮಾತ್ರ ಹೆಚ್ಚುಕಡಿಮೆ ಶುರು ಮಾಡಿದಷ್ಟೇ. ನಡುವಿನದೆಲ್ಲ ಕೆಂಪು ಗೆರೆಯ ಮೇಲೆ ಕೂತಿತ್ತು. ಅಣ್ಣನ ದೋಣಿಯ ಎಂಜಿನ್ನಿನ ಅರ್ಧ ಬೆಲೆಯಷ್ಟು ಹಣ ಅದು. ಅವನಿಗೆ ಏನು ಹೇಳಲಿ?

"ದಿನಾ ಯಾಕೆ ಸಮ ಮಾಡ್ತೆ?" ಎಂದು ಅಕ್ಕ ಕೇಳಿದರು. ನಾನು ಅಪ್ಪನ ರಾಶಿಯ ಕತೆ ಹೇಳಿದೆ. ಅವರು ನಗಲಿಲ್ಲ.

"ಬಾಂಗಡೆ ಸಂಜೆಗೆ ಕೆಡ್ತದೆ. ಅದಕ್ಕೇ ನಿನ್ನಪ್ಪ ಅವತ್ತಿನ ಪಾಲು ಅವತ್ತೇ ಮಾಡ್ತಿದ್ದ. ಇದು ಕೆಡೋ ಸಾಮಾನಲ್ಲ ರೇ. ಮುಟ್ಟಿದಷ್ಟೂ ಸವೀತದೆ." ಮತ್ತೆ ಕೇಳಿದರು. "ದೋಣಿ ಒಂದು ಬದಿ ವಾಲಿದ ಕೂಡ್ಲೆ ನಿನ್ನಣ್ಣ ಬಲೆ ಎತ್ತಿ ಆಚೆ ಬದಿಗೆ ಹಾಕ್ತಾನಾ?"

"ಇಲ್ಲ. ಕಡಲಲ್ಲಿ ವಾಲ್ತಾನೇ ಇರ್ತದೆ. ನೀರು ಒಳಗೆ ಬರೋ ಹಂಗಿದ್ರೆ ಹಾಕ್ತಾನೆ."

"ಮತ್ತೆ ನೀನು ಎಂತಕ್ಕೆ ದಿನಾ ಎತ್ತಿ ಎತ್ತಿ ಹಾಕ್ತೆ?"

ಅದೇ ಹಾಳೆಯ ಮೇಲೆ ನೀಲಿ ತುದಿಯಿಂದ ಎರಡು ಅಡ್ಡ ಗೆರೆ ಎಳೆದರು. ಮೇಲಿನದಕ್ಕೆ ಅರವತ್ತು, ಕೆಳಗಿನದಕ್ಕೆ ನಲವತ್ತು. ನೂರರಲ್ಲಿ ಶೇರಿನ ಪಾಲು ಈ ಎರಡರ ನಡುವೆ ಎಲ್ಲಿದ್ದರೂ ಕೈ ಹಾಕಬಾರದು. ಮೇಲಿನದನ್ನು ದಾಟಿದರೆ ಮಾರಬೇಕು, ಕೆಳಗಿನದನ್ನು ದಾಟಿದರೆ ಕೊಳ್ಳಬೇಕು. ಆಗಲೂ ಐವತ್ತಕ್ಕೆ ತರುವ ಚಪಲ ಬೇಡ, ಗೆರೆಯ ಒಳಗೆ ಬಂದರೆ ಸಾಕು ಎಂದರು. ಯಾಕೆ ಎಂದಾಗ, ಪೂರ್ತಿ ನಡುವಿಗೆ ತರುವ ಖರ್ಚು ಹೆಚ್ಚು, ಅದರಿಂದ ಸಿಗುವುದು ಕಡಿಮೆ ಎಂದು ಕೂಡಿಸಿ ಕಳೆದು ತೋರಿಸಿದರು. ವರ್ಷಗಟ್ಟಲೆ ಎಲ್ಲರ ಚೀಟಿ ನೋಡಿ ನೋಡಿ ಅವರಿಗೆ ತಿಳಿದದ್ದು ಅದು. ಅಕ್ಕನ ಸಂಬಳ ಸಣ್ಣದೆಂದೂ, ಉಳಿದದ್ದು ದಲಾಲಿಯಲ್ಲಿ ಸಿಗುವ ಪಾಲೆಂದೂ ನನಗೆ ಗೊತ್ತಿತ್ತು. ನಾನು ಮೆಟ್ಟಿಲು ಹತ್ತಿದಾಗಲೆಲ್ಲ ಅವರಿಗೂ ನಾಲ್ಕು ಕಾಸು. ಅವರೇ ಹತ್ತಬೇಡ ಎನ್ನುತ್ತಿದ್ದರು.

ಸುಮ್ಮನೆ ಕೂರುವುದು ಇಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಕೈ ತುರಿಸುತ್ತಿತ್ತು. ಬಿಡುವಿನಲ್ಲಿ ಕಚೇರಿಯ ಎದುರಿನ ಬೂತಿನಿಂದ ಅಕ್ಕನಿಗೆ ಫೋನು ಮಾಡುತ್ತಿದ್ದೆ. ಅವರು ಎಣಿಸಿ "ಐವತ್ತಾರು" ಎನ್ನುತ್ತಿದ್ದರು. ನಾನು ಏನೋ ಹೇಳಲು ಹೋದರೆ "ಸುಮ್ನೆ ಕೂತ್ಕೊ" ಎಂದು ಇಟ್ಟುಬಿಡುತ್ತಿದ್ದರು. ಇನ್ನೊಂದು ವಾರ ಐವತ್ನಾಲ್ಕು. ಮತ್ತೆ ಐವತ್ತೇಳು. ಮೊದಲ ನೂಲ ಹುಣ್ಣಿಮೆ ಬಂದು ಹೋಯಿತು. ಅಣ್ಣ ಬೇರೆಯವರ ದೋಣಿಯಲ್ಲಿ ನಿಂತು ಕಡಲಿಗೆ ತೆಂಗಿನಕಾಯಿ ಬಿಟ್ಟ.

ಆಮೇಲೆ ಶೇರು ಬೀಳತೊಡಗಿತು. ದೀಪಾವಳಿಯ ಮುಂಚಿನ ದಿನಗಳು. ಬೆಳಿಗ್ಗೆ ಪೇಪರು ಬಂದದ್ದೇ ಶೇರಿನ ಪುಟ ಬಿಡಿಸುತ್ತಿದ್ದೆ. ಕಚೇರಿಯಲ್ಲಿ ಒಬ್ಬರು ಕೈ ಸುಟ್ಟುಕೊಂಡು, ಎಲ್ಲ ಮಾರಿ ಬಂದೆ, ಇನ್ನು ಆ ಕಡೆ ತಲೆ ಹಾಕಿ ಮಲಗುವುದಿಲ್ಲ ಎಂದರು. ಅದೇ ಮಧ್ಯಾಹ್ನ ಅಣ್ಣ ಬೈತಖೋಲಿನಿಂದ ನೇರವಾಗಿ ಬಂದು ಕಚೇರಿಯ ಗೇಟಿನಲ್ಲಿ ನಿಂತಿದ್ದ. ಲುಂಗಿ ಇನ್ನೂ ಒದ್ದೆ. ಎಂದೂ ಹಾಗೆ ಬಂದವನಲ್ಲ.

"ಎಲ್ಲ ಮುಳುಗ್ತೇ ಅದೆ ಅಂತಾರೆ ದಕ್ಕೆ ಮೇಲೆ. ಹಣ ಅದೆಯಲಾ ತಮಾ?"

"ಅದೆ."

"ಪೂರಾ?"

"ಲೆಕ್ಕ ನೋಡಿ ಹೇಳ್ತೆ" ಎಂದೆ. ಅವನು ನನ್ನ ಮುಖ ನೋಡಿ ಹೊರಟುಹೋದ. ಅವನ ಬೆನ್ನು ತಿರುವಿನಲ್ಲಿ ಮರೆಯಾದ ಕೂಡಲೇ ನಾನು ಪೇಟೆಗೆ ಓಡಿದೆ. ಎಲ್ಲ ಮಾರಿ, ಇದ್ದಷ್ಟನ್ನು ಉಳಿಸಿಕೊಳ್ಳಬೇಕು ಎಂಬುದೊಂದೇ ತಲೆಯಲ್ಲಿತ್ತು.

ಆಫೀಸಿನಲ್ಲಿ ಜನ ತುಂಬಿದ್ದರು. ಅಕ್ಕನ ಕುರ್ಚಿಯ ಹಿಂದೆ ಮಾಲಕರೇ ನಿಂತಿದ್ದರು. "ಎಲ್ಲ ಮಾರಿ" ಎಂದೆ. ಮಾಲಕರು, "ಒತ್ತು ಬಾಯಿ, ಒತ್ತು. ಇನ್ನೂ ಇಳೀತದೆ" ಎಂದರು. ಅಕ್ಕ ನನ್ನ ಖಾತೆ ತೆರೆದರು. ಬೆರಳು ಕೀಲಿಯ ಮೇಲೆ ಬಂತು. ನಿಂತಿತು. "ಎಲ್ಲ ಮಾರೋದಾದ್ರೆ ಚೀಟಿ ಬರ್ದು ಸಹಿ ಹಾಕ್ಬೇಕು ತಮಾ" ಎಂದು ಒಂದು ಖಾಲಿ ಚೀಟಿ ನನ್ನ ಕಡೆ ತಳ್ಳಿದರು. ಖಾಲಿಯಾಗಿರಲಿಲ್ಲ. ಮೂಲೆಯಲ್ಲಿ ನೀಲಿ ಪೆನ್ಸಿಲಿನಿಂದ ಸಣ್ಣಗೆ ನಲವತ್ತಮೂರು ಎಂದು ಬರೆದಿತ್ತು. ಗೆರೆಯ ಒಳಗೆ. ನಾನು ಅಕ್ಕನ ಮುಖ ನೋಡಿದೆ. ಅವರು ಕಂಪ್ಯೂಟರು ನೋಡುತ್ತಿದ್ದರು. ಮಾಲಕರು ನನ್ನನ್ನು ನೋಡುತ್ತಿದ್ದರು. ಆಮೇಲೆ ಚೀಟಿಯನ್ನು ಮಡಚಿ ಕಿಸೆಗೆ ಹಾಕಿ, "ನಾಳೆ ಬರ್ತೆ" ಎಂದು ಕೆಳಗಿಳಿದೆ.

ನಾಳೆ ಹೋಗಲಿಲ್ಲ. ಡಿಸೆಂಬರಿನಲ್ಲಿ ಅಕ್ಕ ಮೊದಲ ಸಲ ತಾವಾಗಿ ಕಚೇರಿಗೆ ಫೋನು ಮಾಡಿ, "ಮೂವತ್ತೊಂಬತ್ತು. ಇವತ್ತು ಬಾ" ಎಂದರು. ಎಲ್ಲರೂ ಮಾರಿ ಕೈ ತೊಳೆದುಕೊಂಡಿದ್ದ ಹೊತ್ತಿನಲ್ಲಿ ನಾನು ಒಂದು ಎಫ್‌ಡಿ ಮುರಿಸಿ ಶೇರು ಕೊಂಡೆ, ಪಾಲು ನಲವತ್ತೊಂದಕ್ಕೆ ಬರುವಷ್ಟೇ. ಮರುದಿನ ಚೀಟಿಗೆ ಗೆರೆ ಎಳೆಯುತ್ತ, ಈ ಗೆರೆಗೆ ಮಾತ್ರ ಬೇಜಾರಿಲ್ಲ ಎಂದರು ಅಕ್ಕ.

ಸುರಂಗಿ ಬಿಡುವ ಹೊತ್ತಿಗೆ ಶೇರು ಮೇಲೆ ಬರತೊಡಗಿತ್ತು. ಒಂದು ದಿನ ಸುಮ್ಮನೆ ಮಾತಾಡಿಸಲೆಂದು ಹೋದೆ. ಕಂಪ್ಯೂಟರಿನ ಮೇಲಿದ್ದ ದಂಡೆಯನ್ನು ತುಂಡು ಮಾಡಿ ನನ್ನ ಫೈಲಿನೊಳಗೆ ಇಟ್ಟು, "ನಿನ್ನ ಆಯಿಗೆ ಕೊಡು" ಎಂದರು. "ದೋಣಿ ನೀರಿಗೆ ಇಳಿಯೋ ದಿನ ಹೇಳು ಮಾತ್ರ. ನೋಡ್ಲಿಕ್ಕೆ ಬರ್ತೆ. ನಾನು ನದಿ ದಂಡೆಯೋಳು, ಹೊಸ ದೋಣಿ ಕಡಲಿಗೆ ಇಳಿಯೋದು ಇನ್ನೂ ನೋಡ್ಲಿಲ್ಲ." ಹೇಳುತ್ತೇನೆ ಎಂದೆ. ಹೂವನ್ನು ಆಯಿಗೆ ಕೊಡಲು ಮರೆತೆ. ಅಕ್ಕನನ್ನು ನಾನು ನೋಡಿದ್ದು ಅದೇ ಕೊನೆ.

ಇದಾಗಿ ಕೆಲವು ದಿನಕ್ಕೆ ಮಾಲಕರು ಹೋಟೆಲಿನಲ್ಲಿ ಸಿಕ್ಕಿ, ನನ್ನ ಮೇಜಿಗೇ ಬಂದು ಕೂತರು. "ಏನ್ ಸಾಯ್ಬ್ರೆ, ಕಾಣೋದೇ ಇಲ್ಲ? ಬೇರೆ ಕಡೆ ಖಾತೆ ತೆಗೆದ್ರ್ಯೋ ಹ್ಯಾಗೆ?"

ಇಲ್ಲ ಎಂದು ಹೇಳಿ ಬಿಡಬಹುದಿತ್ತು. ಕಚೇರಿಯಲ್ಲಿ ಕೆಲಸ ಹೆಚ್ಚು ಎನ್ನಬಹುದಿತ್ತು. ಆದರೆ ನನಗೆ ಆಗ ಕೊಂಬು ಬಂದಿತ್ತು. ಎಲ್ಲರೂ ಕಳೆದುಕೊಂಡಾಗ ನಾನೊಬ್ಬ ಉಳಿಸಿಕೊಂಡವನು. ಕಿಸೆಯಿಂದ ಆ ಕ್ಯಾಲೆಂಡರಿನ ಹಾಳೆ ತೆಗೆದು ಮೇಜಿನ ಮೇಲೆ ಹರವಿ, ಅರವತ್ತು, ನಲವತ್ತು, ಗೆರೆಯ ಒಳಗೆ, ಗೆರೆಯ ಹೊರಗೆ ಎಂದು ಹತ್ತು ನಿಮಿಷ ಬಿಡಿಸಿ ಹೇಳಿದೆ. ಮಾಲಕರು ಬಹಳ ಗಮನವಿಟ್ಟು ಕೇಳಿದರು.

"ಚಲೋ ಅದೆ. ಇದು ನಮ್ಮ ಬಾಯಿ ಹಾಕಿಕೊಟ್ಟದ್ದಾ?"

"ಹೌದು. ನಂಗೊಬ್ಬಂಗೇ ಅಲ್ಲ. ಪೋಸ್ಟಿನ ರಿಟೈರ್ಡ್ ಮಾಸ್ತರಿಗೂ ಹಾಕಿಕೊಟ್ಟಿದ್ದಾರೆ."

ಅಕ್ಕನನ್ನು ಹೊಗಳುತ್ತಿದ್ದೇನೆ ಎಂದೇ ನಾನು ತಿಳಿದಿದ್ದೆ. ಹಾಗೆ ತಿಳಿದಿದ್ದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಎದುರಿಗೆ ಕೂತವರ ಆಫೀಸಿನ ಬಾಡಿಗೆ, ಕರೆಂಟು, ಎಲ್ಲ ನಡೆಯುವುದು ಆ ಕೆಂಪು ಗೆರೆಯ ಮೇಲಿನ ಹಣದಿಂದ ಎಂಬುದು ಲೆಕ್ಕ ತಿಳಿದ ಗುಮಾಸ್ತನಿಗೆ ಹೊಳೆಯಲಿಲ್ಲವೇ? ಚಹಾದ ಬಿಲ್ಲನ್ನು ಮಾಲಕರೇ ಕೊಟ್ಟರು.

ಮೇ ತಿಂಗಳಲ್ಲಿ ಫೋನು ಮಾಡಿದಾಗ ಬೇರೆ ಸ್ವರ ಕೇಳಿತು. ಅಕ್ಕ ಎಲ್ಲಿ ಎಂದೆ. "ಅವ್ರು ಬಿಟ್ಟಿದ್ದಾರೆ" ಎಂದಳು ಹೊಸ ಹುಡುಗಿ. ಬಿಟ್ಟದ್ದಲ್ಲ, ಬಿಡಿಸಿದ್ದು ಎಂದು ಪೋಸ್ಟಿನ ಮಾಸ್ತರು ಬಸ್ ಸ್ಟ್ಯಾಂಡಿನಲ್ಲಿ ಹೇಳಿದರು. ಗಿರಾಕಿಗಳಿಗೆ ವಹಿವಾಟು ಮಾಡಬೇಡಿ ಎಂದು ಹೇಳಿಕೊಡುತ್ತಿದ್ದರಂತೆ, ಯಾರೋ ಚಾಡಿ ಹೇಳಿದರಂತೆ. "ಯಾರು?" ಎಂದು ನಾನೇ ಕೇಳಿದೆ. ಕೇಳಿದೆನಲ್ಲ, ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಜುಲೈ ಕೊನೆಗೆ ಶೇರನ್ನೆಲ್ಲ ಒಂದೇ ಸಲಕ್ಕೆ ಮಾರಿದೆ. ಎಫ್‌ಡಿಯೂ ಸೇರಿ ದೋಣಿಯ ಬೆಲೆ ಕೂಡಿತು, ಮೇಲೆ ಬಲೆಗೂ ಸ್ವಲ್ಪ ಉಳಿಯಿತು. ಹೊಸ ಹುಡುಗಿ ಮರುದಿನ ಚೀಟಿ ಕೊಟ್ಟಳು. ಅದಕ್ಕೆ ಗೆರೆ ಇರಲಿಲ್ಲ. ನೂಲ ಹುಣ್ಣಿಮೆಯ ಬೆಳಿಗ್ಗೆ ಕೇಣಿಯ ಮರಳಿನ ಮೇಲೆ ದೋಣಿಗೆ ಹೂ ಹಾಕಿ, ಕಾಯಿ ಒಡೆದು, ಎಲ್ಲರೂ ಸೇರಿ ನೂಕಿದೆವು. ಅಣ್ಣ ಅತ್ತ. ಆಯಿ ಕಡಲಿಗೆ ಕೈ ಮುಗಿದು ನಿಂತೇ ಇದ್ದಳು. ಅಪ್ಪ ನೂಕಿದವರನ್ನೆಲ್ಲ ಎಣಿಸಿ, ಮೊದಲ ದಿನದ ಮೀನಿನಲ್ಲಿ ಒಬ್ಬೊಬ್ಬರ ಪಾಲೂ ಅವರವರ ಮನೆಗೆ ಮುಟ್ಟಿಸಿದ. "ಇನ್ಯಾರಾದ್ರೂ ಉಳಿದ್ರಾ?" ಎಂದು ನನ್ನನ್ನು ಕೇಳಿದ. ಇಲ್ಲ ಎಂದೆ.

ಕೋಡಿಬಾಗ ಏನು ದೂರ? ಕಚೇರಿಯಿಂದ ನಡೆದೇ ಹೋಗಬಹುದು. ಮೊದಲು ಮುಖ ತೋರಿಸಲು ಅಂಜಿಕೆ. ಆಮೇಲೆ, ಇಷ್ಟು ತಡವಾಗಿ ಹೋಗಿ ಏನೆಂದು ಹೇಳಲಿ ಎಂಬ ಸಂಕೋಚ. ಮದುವೆ, ಮಕ್ಕಳು, ಸದಾಶಿವಗಡಕ್ಕೆ ಹೋಗುವಾಗ ಬಸ್ಸು ಕೋಡಿಬಾಗ ದಾಟುವಷ್ಟು ಹೊತ್ತು ಪೇಪರು ಅಡ್ಡ ಹಿಡಿಯುವ ಅಭ್ಯಾಸ... ವರ್ಷಗಳು ಹೀಗೂ ಹೋಗುತ್ತವೆ.

ಫೈಲು ಸಿಕ್ಕ ಮೇಲಿನ ಭಾನುವಾರ ಅಣ್ಣನ ದೋಣಿಯ ಬಾಂಗಡೆ ಒಂದು ಚೀಲ ಕಟ್ಟಿಸಿಕೊಂಡು ಹೊರಟೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ನದಿಯ ಕಡೆಯ ಓಣಿಗೆ ತಿರುಗಿದ್ದೇ ಸುರಂಗಿಯ ವಾಸನೆ ಬಂತು. ಬಾಗಿಲು ತೆರೆದವರು ಅಕ್ಕನ ಹಾಗೇ ಇದ್ದರು, ಸ್ವಲ್ಪ ಗಿಡ್ಡ. ತಂಗಿ ಎಂದರು.

"ಅಕ್ಕ ಹೋಗಿ ಎರಡು ಮಳೆಗಾಲ ಆಯ್ತಲ್ಲ. ನಿಮ್ಗೆ ಗೊತ್ತಿರ್ಲಿಲ್ವಾ? ನೀವು ಎಲ್ಲಿಯೋರು?"

"ಕೇಣಿ" ಎಂದೆ.

"ಕೇಣಿಯಾ? ಅಲ್ಲಿ ಯಾರೋ ಹೊಸ ದೋಣಿ ಮಾಡ್ಸೋರಿದ್ರಂತೆ. ಕೇಣಿ ಹೆಂಗಸ್ರು ಮೀನು ತಂದಾಗೆಲ್ಲ ಅಕ್ಕ ಕೇಳ್ತಿದ್ಲು, ಆ ದೋಣಿ ಇಳೀತಾ ಅಂತ. ಅವ್ರಿಗೆ ಎಂತ ಗೊತ್ತು, ಯಾವ ದೋಣಿ ಅಂತ? ಕಡೆಗೆ ಕೇಳೋದು ಬಿಟ್ಲು."

"ಇಳೀತು" ಎಂದೆ. "ಅದು ನಮ್ಮಣ್ಣಂದು. ಇದು ಅದೇ ದೋಣಿ ಮೀನು."

ಅವರು ಚೀಲ ತೆಗೆದುಕೊಳ್ಳಲು ಚಾಚಿದ್ದ ಕೈ ಅಲ್ಲೇ ನಿಂತಿತು. ಆಗಲೇ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎನಿಸಿ, ಅಕ್ಕನ ಕೆಲಸ ಹೋದದ್ದು ನನ್ನ ಬಾಯಿಂದ ಎಂದೂ ಹೇಳಿಬಿಟ್ಟೆ. ಹೋಟೆಲು, ಹಾಳೆ, ಚಹಾ, ಎಲ್ಲ. ಅವರು ಚೀಲವನ್ನು ಕೈಗೆ ತೆಗೆದುಕೊಂಡರು.

"ಅವಳಿಗೆ ಅದು ಗೊತ್ತಿತ್ತೋ ಇಲ್ವೋ, ನಂಗೆ ಗೊತ್ತಿಲ್ಲ" ಎಂದರು. "ಆಮೇಲೆ ಅವಳಿಗೆ ಎಲ್ಲೂ ಕೆಲಸ ಸಿಗ್ಲಿಲ್ಲ. ಹೂ ಕಟ್ಟಿ ಮಾರ್ತಿದ್ಲು." ಒಳಗೆ ಹೋಗಿ ಮೀನನ್ನು ಪಾತ್ರೆಗೆ ಹಾಕಿಕೊಂಡು, ಚೀಲ ತೊಳೆದು ತಂದು ಕೊಟ್ಟರು. ಕೂತುಕೊಳ್ಳಿ ಎನ್ನಲಿಲ್ಲ.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಫೈಲಿನ ಕೊನೆಯ ಚೀಟಿ ತೆಗೆದು ನೋಡಿ, ಇದಕ್ಕೂ ನೀವೇ ಒಂದು ಗೆರೆ ಎಳೆದುಬಿಡಿ ಎಂದಳು. ಮಗಳ ಡಬ್ಬಿಯಿಂದ ಕೆಂಪು ಪೆನ್ಸಿಲು ತಂದೂ ಕೊಟ್ಟಳು. ನಾನು ಕೈಯಲ್ಲಿ ಹಿಡಿದು ಕೂತೆ. ದಲಾಲಿ ಇಷ್ಟು, ತೆರಿಗೆ ಇಷ್ಟು, ಸ್ಟಾಂಪು ಇಷ್ಟು ಎಂದು ತಳದಲ್ಲಿ ಎಲ್ಲ ಸರಿಯಾಗಿ ಅಚ್ಚಾಗಿತ್ತು. ಆ ದೋಣಿಗೆ ನಾವು ತೆತ್ತ ಖರ್ಚು ಅಷ್ಟೇ ಅಲ್ಲ. ಅಕ್ಕನ ನೌಕರಿ ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ಗೆರೆ ಎಳೆಯದೆ ಚೀಟಿಯನ್ನು ಫೈಲಿನಲ್ಲಿಟ್ಟು ದಾರ ಕಟ್ಟಿದೆ.